ಹಜ್ಜಾ ಮನೆಯ ದ್ರಾಕ್ಷಿ ಚಪ್ಪರ

ಅರಬ್ಬರ ನಾಡಿನ ಅಲ್ ಐನ್‌ಗೆ ಬಂದ ಹೊಸದರಲ್ಲಿ ಏನು ಕೆಲಸ ಎಂದು ಕೇಳಿದವರಿಗೆಲ್ಲ "ದ್ರಾಕ್ಷಿ ಎಲೆ ಅರೆಯುವುದು" ಎನ್ನುತ್ತಿದ್ದೆ. ಸುಳ್ಳೇನಲ್ಲ. ಇಲ್ಲಿನ ಹಳೆಯ ಮನೆಗಳ ಅಂಗಳದಲ್ಲಿ, ಬೆಟ್ಟದ ಊರುಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ನಾಟಿ ದ್ರಾಕ್ಷಿ ಬಳ್ಳಿಗಳ ಎಲೆ ತಂದು, ಅರೆದು, ಡಿಎನ್‌ಎ ತೆಗೆದು, ಯಾವುದು ಯಾವ ತಳಿ ಎಂದು ಗುರುತಿಸುವುದು ನಮ್ಮ ಲ್ಯಾಬಿನ ಕೆಲಸ. ಅಪರೂಪದ್ದಾದರೆ ಕಡ್ಡಿ ತಂದು ನಮ್ಮ ತೋಟದಲ್ಲಿ ನೆಟ್ಟು ಕಾಪಾಡುತ್ತೇವೆ. ಮಾರ್ಕೆಟ್ಟಿನ ತಳಿಯಾದರೆ ನಮಸ್ಕಾರ ಹೇಳಿ ವಾಪಸು ಬರುತ್ತೇವೆ. ನಾನು ಚಿಕ್ಕಬಳ್ಳಾಪುರದ ಕಡೆಯವಳು, ದ್ರಾಕ್ಷಿ ಚಪ್ಪರದ ಕೆಳಗೇ ಆಡಿ ಬೆಳೆದವಳು. ಇಷ್ಟು ದೂರ ಬಂದು ಮತ್ತೆ ಚಪ್ಪರದ ಕೆಳಗೇ ಕತ್ತೆತ್ತಿ ನಿಲ್ಲುವುದು ನನ್ನ ಹಣೆಯಲ್ಲಿ ಬರೆದಿತ್ತು ಅಂತ ಕಾಣುತ್ತದೆ.

ಎಲೆ ತರಲು ಹೋಗುವಾಗ ಜೊತೆಗೆ ನಮ್ಮ ಡ್ರೈವರು. ಪುತ್ತೂರಿನ ಬ್ಯಾರಿ, ಅರಬ್ಬಿ ಅವರಿಗೆ ನೀರು ಕುಡಿದಷ್ಟು ಸಲೀಸು, ನನಗೆ ನಡಿ ಎನ್ನುವ ಯಲ್ಲಾ, ಮುಗಿಯಿತು ಎನ್ನುವ ಖಲಾಸ್ ಬಿಟ್ಟರೆ ಬೇರೇನೂ ಬಾರದು. ಹಾಗಾಗಿ ತನ್ನ ಅಂಗಳದ ಬಳ್ಳಿ ಯಾವುದೆಂದು ನೋಡಿ ಹೇಳಿ ಎಂದು ನಮ್ಮನ್ನು ಕರೆಸಿದ ಒಬ್ಬ ಮುದುಕಮ್ಮನ ಮಾತೆಲ್ಲ ನನಗೆ ತಲುಪಿದ್ದು ಪುತ್ತೂರಿನ ಕನ್ನಡದಲ್ಲೇ. ಹಜ್ ಮಾಡಿ ಬಂದ ಹಿರಿಯ ಹೆಂಗಸನ್ನು ಇಲ್ಲಿ ಹಜ್ಜಾ ಎನ್ನುತ್ತಾರೆ. ನಾವೂ ಹಾಗೇ ಕರೆದೆವು.

ಹಜ್ಜಾ ಅವರ ಮಕ್ಕಳು ಹೊಸ ವಿಲ್ಲಾ ಕಟ್ಟಿಸಿದ್ದರು, ಬರುವ ಚಳಿಗಾಲ ಕಳೆದರೆ ಹಳೆಯ ಮನೆ ಕೆಡವುವುದೆಂದು ಆಗಿತ್ತು. ಅಂಗಳದ ತುಂಬ ಹಬ್ಬಿದ ಬಳ್ಳಿಯ ಕೆಳಗೆ ನಮ್ಮನ್ನು ಕೂರಿಸಿ, ಗಾವಾ ಎಂಬ ಇಲ್ಲಿನ ಕಾಫಿ ಬಗ್ಗಿಸಿ, ಖರ್ಜೂರದ ತಟ್ಟೆ ಮುಂದಿಟ್ಟು ಹೇಳಿದರು. ಡ್ರೈವರು ಹೇಳಿದ್ದು ಹೀಗೆ: "ಇವರು ಮದುವೆಯಾಗಿ ಬರುವಾಗ ಬೆಟ್ಟದ ಊರಿನ ತಾಯಿ ಮನೆಯಿಂದ ಒಂದು ಕಡ್ಡಿ ತಂದು ನೆಟ್ಟದ್ದಂತೆ ಮೇಡಂ. ಆಡು ಬಂದು ಬುಡದವರೆಗೆ ತಿಂದಿತಂತೆ. ಇವರು ಊಟ ಬಿಟ್ಟು ಅತ್ತದ್ದಂತೆ. ಸ್ವಲ್ಪ ದಿನದಲ್ಲಿ ಪುನಃ ಚಿಗುರಿತು. ಆದರೆ ನಾದಿನಿಯರು ಇವತ್ತಿನವರೆಗೂ ತಮಾಷೆ ಮಾಡುವುದುಂಟು, ಅದು ಚಿಗುರಿದ್ದಲ್ಲ, ಹೆಂಡತಿ ಅಳುವುದು ನೋಡಲಿಕ್ಕಾಗದೆ ಗಂಡ ಮಾರ್ಕೆಟ್ಟಿನಿಂದ ಗಿಡ ತಂದು ಇಟ್ಟದ್ದು ಅಂತ. ಗಂಡನತ್ರ ಕೇಳಿದರೆ ಸುಮ್ಮನೆ ನಗುವುದಂತೆ. ಈಗ ಅವರೂ ಇಲ್ಲ."

ತಾಯಿಯ ಬಳ್ಳಿಯೋ ಅಲ್ಲವೋ, ಮನೆ ಬೀಳುವ ಮೊದಲು ಅದೊಂದು ತಿಳಿಯಬೇಕು ಎಂಬುದು ಅವರ ಆಸೆ. ನನಗೆ ಕೂತಲ್ಲೇ ಖುಷಿ. ಅವರ ತಾಯಿಯ ಬೆಟ್ಟದ ಊರಿನ ಕಾಲುವೆ ಬತ್ತಿ ಜನ ಬಿಟ್ಟು ಹೋದ ಮೇಲೂ ಗೋಡೆ ಮಗ್ಗುಲಲ್ಲಿ ಬದುಕಿದ್ದ ಒಂದು ಬಳ್ಳಿ ನಮ್ಮ ತೋಟದಲ್ಲಿತ್ತು. ಕಡ್ಡಿಯಿಂದ ಬೆಳೆದದ್ದು ತಾಯಿ ಬಳ್ಳಿಯ ಮಗಳಲ್ಲ, ತಾಯಿಯೇ. ಎರಡರ ಡಿಎನ್‌ಎ ಹೊಂದಿದರೆ ಮುಗಿಯಿತು.

ಎಲೆ ಕೀಳಲು ನಾನು ಎದ್ದರೆ ಹಜ್ಜಾ ಬಿಡಲಿಲ್ಲ. ಮನೆಗೆ ಬಂದವರಿಂದ ಕೆಲಸ ಮಾಡಿಸುವುದೇ? ಅನ್ನ ತುಂಬಿ ಸುತ್ತಿ ಬೇಯಿಸಲು ಆರಿಸುವ ಹಾಗೆ ಚಪ್ಪರದ ಆ ಮೂಲೆಯಿಂದ ಈ ಮೂಲೆಯವರೆಗೆ ಎಳೆಯ ಎಲೆ ಹುಡುಕಿ ನನ್ನ ಚೀಲ ತುಂಬಿಸಿದರು. ಎಳೆ ಎಲೆಯೇ ನಮಗೂ ಬೇಕಾದ್ದು. ಎರಡು ಕೈಯಲ್ಲಿ ತೆಗೆದುಕೊಂಡೆ.

ಲ್ಯಾಬಿನಲ್ಲಿ ಫಲಿತಾಂಶ ನೋಡಿದರೆ ತಲೆಬುಡ ಇಲ್ಲ. ಡಿಎನ್‌ಎಯ ಒಂದೊಂದು ಜಾಗದಲ್ಲಿ ಒಂದು ಬಳ್ಳಿ ಹೆಚ್ಚೆಂದರೆ ಎರಡು ಗುರುತು ತೋರಿಸಬೇಕು. ಇಲ್ಲಿ ಮೂರು, ಕೆಲವು ಕಡೆ ನಾಲ್ಕು. "ಬೆರಕೆಯಾಗಿದೆ, ಕೈ ಸ್ವಚ್ಛ ಇಟ್ಟುಕೊಳ್ಳಿ" ಎಂದರು ನಮ್ಮ ಮುಖ್ಯಸ್ಥೆ. ನನಗೆ ಮೈಯೆಲ್ಲ ಉರಿದುಹೋಯಿತು. ಕೈ ತೊಳೆಯದೆ ಲೋಟ ಮುಟ್ಟಿದರೆ ಅಜ್ಜಿಯಿಂದ ಬೈಸಿಕೊಂಡು ಬೆಳೆದವಳು ನಾನು! ಇನ್ನೊಮ್ಮೆ ಮಾಡಿದೆ, ಅದೇ ಬಂತು. ಆಗ ಹಜ್ಜಾ ಎಲೆ ಆರಿಸಿದ ರೀತಿ ನೆನಪಾಯಿತು. ಒಂದೇ ಕೊಂಬೆಯದಲ್ಲ, ಇಡೀ ಚಪ್ಪರದ್ದು.

ಮತ್ತೆ ಓಡಿದೆವು. ಈ ಸಲ ನಾನೂ ಡ್ರೈವರೂ ಒಂದೊಂದು ಕೊಂಬೆಗೂ ಬಣ್ಣದ ದಾರ ಕಟ್ಟುತ್ತ ಬುಡದವರೆಗೆ ಬಂದೆವು. ಬುಡದ ಮಣ್ಣು ಸರಿಸಿದರೆ ಒಂದಲ್ಲ, ಎರಡು ಕಾಂಡ, ಜಡೆ ಹೆಣೆದ ಹಾಗೆ ಸುತ್ತಿಕೊಂಡಿವೆ. "ಅಯ್ಯೋ, ಇದೆಂತ ಮಾರಾಯ್ರೆ!" ಎಂದು ಡ್ರೈವರು ಅಲ್ಲೇ ಕುಕ್ಕರಿಸಿದರು.

ಎರಡನ್ನೂ ಬೇರೆ ಬೇರೆ ಪರೀಕ್ಷೆ ಮಾಡಿದೆ. ಒಂದು ಬೆಟ್ಟದ ಊರಿನದೇ, ಒಂದು ಗುರುತೂ ಆಚೀಚೆ ಇಲ್ಲ. ಇನ್ನೊಂದು ಅಪ್ಪಟ ಮಾರ್ಕೆಟ್ಟಿನದು.

ಹೇಳಿದಾಗ ಹಜ್ಜಾ ತಲೆವಸ್ತ್ರದ ಅಂಚು ಬಾಯಿಗಿಟ್ಟು ನಗತೊಡಗಿದರು, ನಗುತ್ತಲೇ ಕಣ್ಣೀರು. "ನಾದಿನಿಯರು ಹೇಳಿದ್ದೂ ಸರಿ, ನಾನು ಹೇಳಿದ್ದೂ ಸರಿ ಅಂತಾರೆ" ಎಂದರು ಡ್ರೈವರು. "ತಾಯಿಯದ್ದು ಚಿಗುರುವವರೆಗೆ ಕಾಯಲಿಕ್ಕೆ ಗಂಡನಿಗೆ ಧೈರ್ಯ ಸಾಲಲಿಲ್ಲ. ಆದರೆ ಅದನ್ನು ಕಿತ್ತೂ ಹಾಕಲಿಲ್ಲ ನೋಡಿ, ಪಕ್ಕದಲ್ಲೇ ಇಟ್ಟಿದ್ದಾರೆ ಅಂತಾರೆ." ನನಗೂ ತಡೆಯಲಾಗಲಿಲ್ಲ. ಎಷ್ಟು ಅತ್ತೆನೋ ಅಷ್ಟೇ ನಕ್ಕೆ.

ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ಕಡ್ಡಿ ತೆಗೆಯಲು ಹೋದೆವು. ತೋಟಕ್ಕೆ ಬೇಕಾದ್ದು ತಾಯಿಯ ಬಳ್ಳಿ ಮಾತ್ರ, ಮಾರ್ಕೆಟ್ಟಿನದಕ್ಕೆ ಜಾಗ ಕೊಡುವ ರೂಢಿ ಇಲ್ಲ. ಹಜ್ಜಾ ಕತ್ತರಿ ಹಿಡಿದು ನಿಂತುಬಿಟ್ಟರು. ಒಯ್ಯುವುದಾದರೆ ಎರಡೂ, ಇಲ್ಲದಿದ್ದರೆ ಖಲಾಸ್. ಮುಖ್ಯಸ್ಥೆಗೆ ಫೋನು ಮಾಡಿದೆ. ಅವರು ನಕ್ಕು, "ಎರಡೂ ತನ್ನಿ, ಬೆರಕೆ ಮಾಡಬೇಡಿ ಅಷ್ಟೇ" ಎಂದರು.

ಹೊಸ ವಿಲ್ಲಾದಲ್ಲಿ ನೆಡುವ ದಿನ ನಮ್ಮನ್ನೂ ಕರೆದಿದ್ದರು. ಹಜ್ಜಾ ಎರಡು ಕಡ್ಡಿಯನ್ನೂ ಒಂದೇ ಗುಂಡಿಗೆ ಇಳಿಸಿದರು. ನನ್ನ ಬುದ್ಧಿ ಎಲ್ಲಿ ಸುಮ್ಮನಿರುತ್ತದೆ? ದೂರ ದೂರ ನೆಡಿ, ಇಲ್ಲದಿದ್ದರೆ ಮುಂದೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ ಎಂದೆ. ಹಜ್ಜಾ ಮಣ್ಣು ಮುಚ್ಚುತ್ತಲೇ ಏನೋ ಹೇಳಿದರು.

"ನನಗೆ ಗೊತ್ತಾಯಿತಲ್ಲ, ಇನ್ನು ಅವುಗಳ ಪಾಡಿಗೆ ಅವು ಇರಲಿ ಅಂತಾರೆ," ಎಂದು ಡ್ರೈವರು ನೀರಿನ ಪೈಪು ತರಲು ಹೋದರು.