ಹೂವಿನಂಥ ಮೈ

ಮರಿಮಗಳ ಚಿತ್ರಪುಸ್ತಕದಲ್ಲಿ ಹುಡುಗ ಮೂಟೆ ಹೊತ್ತಿದ್ದಾನೆ, ಹುಡುಗಿ ಹೂಬುಟ್ಟಿ ಹಿಡಿದಿದ್ದಾಳೆ. ಅದನ್ನು ನೋಡುತ್ತಲೇ ನನಗೆ ಭದ್ರಾವತಿಯ ನಮ್ಮ ಹಳೇ ಜಗಲಿ ನೆನಪಾಯಿತು.

ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಅಲ್ಲಿ ಕೂತು ನನಗೆ ಪಾಠ ಓದಿಸುತ್ತಿದ್ದರು: "ಹೆಣ್ಣಿನ ಮೈ ಹೂವಿನಂತೆ. ಭಾರದ ಕೆಲಸ ಗಂಡಸಿನದು."

ಆಗಲೇ ಅಮ್ಮ ತಲೆಯ ಮೇಲೊಂದು, ಸೊಂಟದಲ್ಲೊಂದು ತುಂಬಿದ ಕೊಡ ಹೊತ್ತು ಹೊಳೆಯಿಂದ ಬಂದಳು.

"ಸ್ವಲ್ಪ ಕೊಡ ಇಳಿಸ್ರೀ."

"ನಂಗೆ ಸೊಂಟ ಹಿಡ್ಕೊಂಡಿದೆ ಮಾರಾಯ್ತಿ," ಅಂದರು ಅಪ್ಪ.

ಅಮ್ಮ ತಾನೇ ಇಳಿಸಿಕೊಂಡು, ಅವರ ಸೊಂಟಕ್ಕೆ ಹಚ್ಚಲು ಎಣ್ಣೆ ಕಾಯಿಸಲು ಹೋದಳು.

"ಹೂವು ಯಾರಪ್ಪಾ?" ಎಂದೆ.

"ಪುಸ್ತಕದಲ್ಲಿರೋದನ್ನ ಓದು!"

ಓದಿದೆ. ಬಾಯಿಪಾಠವಾಯಿತು, ತಲೆಗೆ ಮಾತ್ರ ಹೋಗಲಿಲ್ಲ.

ಈಗಷ್ಟೇ ಮೊಮ್ಮಗಳು ನೀರಿನ ಕ್ಯಾನ್ ಹೊತ್ತು ಶಿವಮೊಗ್ಗದ ಈ ಮೂರನೇ ಮಹಡಿಗೆ ಬಂದಳು. ಮರಿಮಗಳು ತನ್ನಮ್ಮನನ್ನು ನೋಡಿದಳು, ಪುಸ್ತಕ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.