ಅಪ್ಪನ ಬೂಟಿಗೆ ಮೂರು ಮಿಲಿಮೀಟರ್

ಸಮಸ್ತ ಪಾದಧಾರಿಗಳ ಗಮನಕ್ಕೆ: ಇಂದು ಬೆಳಗಿನ ಆರು ಗಂಟೆಗೆ ಶೂವಿನೊಳಗೆ ಹಾಸುವ ಒಂದು ತುಂಡು ಮೆಮೊರಿ ಫೋಮನ್ನು ಹೆಬ್ಬೆರಳಿನಿಂದ ವಿಧಿವತ್ತಾಗಿ ಒತ್ತಲಾಗಿದೆ. ಎರಡು ಎಣಿಸುವಷ್ಟರಲ್ಲಿ ಗುಳಿ ಮಾಯವಾದ್ದರಿಂದ ಸದರಿ ತುಂಡನ್ನು ತಿರಸ್ಕರಿಸಲಾಗಿದೆ.

ತಿರಸ್ಕರಿಸಿದವರು ಅಟ್ಟೆ ಅಕ್ಕ. ಆಸ್ಪತ್ರೆಯ ಗೇಟಿನೆದುರು, ಕಪಾಟಿಗಿಂತ ತುಸುವೇ ದೊಡ್ಡದಾದ ಅಂಗಡಿಯಲ್ಲಿ ಶೂಗಳಿಗೆ ಒಳಅಟ್ಟೆ ಕತ್ತರಿಸಿ ಕೂರಿಸುವುದು ಅವರ ಕೆಲಸ. ದಿನಕ್ಕೆ ಇಪ್ಪತ್ತು ಜೊತೆ. ಪಾಳಿ ಮುಗಿಸಿ ಬಂದ ನರ್ಸೊಬ್ಬರು ಮೆತ್ತನೆಯದನ್ನೇ ಹಿಂಡಿ ನೋಡುತ್ತಿದ್ದಾರೆ.

"ಅಕ್ಕಾ, ಇದು ಹೂವಿನ ಥರ ಇದೆ. ಇದೇ ಹಾಕಿ."

"ಹೂವಿನ ಮೇಲೆ ಹನ್ನೆರಡು ಗಂಟೆ ನಿಂತ್ಕೋತೀಯೇನಮ್ಮಾ? ವಾರದಲ್ಲಿ ಅಪ್ಪಚ್ಚಿ ಆಗತ್ತೆ. ನಿಂತು ದುಡಿಯೋರಿಗೆ ಗಟ್ಟಿದೇ ಬೇಕು. ತೆಗಿ, ಹಳೇ ಅಟ್ಟೆ ತೋರ್ಸು."

ಸವೆದದ್ದು ಹಿಮ್ಮಡಿಯೋ ಹೆಬ್ಬೆರಳೋ ಎಂದು ನೋಡಿ ಆರಿಸುವ ಈ ವಿದ್ಯೆ ಅಕ್ಕನ ಅಪ್ಪನದು. ಇದೇ ಅಂಗಡಿಯಲ್ಲಿ ಅವರು ಮೂವತ್ತೆಂಟು ವರ್ಷ ಬೂಟು ಹೊಲಿದರು. ಆಗ ಫೋಮ್ ಎಲ್ಲಿತ್ತು? ರಟ್ಟು, ಉಣ್ಣೆಬಟ್ಟೆ, ತೊಗಲು. ಶಾಲೆ ಬಿಟ್ಟು ಬಂದ ಮಗಳು ರಟ್ಟಿನ ಚೂರುಗಳಲ್ಲಿ ಮನೆ ಕಟ್ಟುತ್ತಾ ಮಗ್ಗಿ ಒಪ್ಪಿಸುತ್ತಿದ್ದಳು. ಏಳರ ಮಗ್ಗಿ ತಪ್ಪಿದರೆ ಅಪ್ಪನಿಗೆ ತಕ್ಷಣ ಗೊತ್ತಾಗುತ್ತಿತ್ತು. ಬಾಯಿತುಂಬ ಮೊಳೆ ಇರುತ್ತಿದ್ದರಿಂದ ಬಯ್ಯಲು ಆಗುತ್ತಿರಲಿಲ್ಲ, ಅಷ್ಟೆ.

ಈಗ ಅಪ್ಪನಿಗೆ ಎಪ್ಪತ್ತೊಂಬತ್ತು. ಹಿಮ್ಮಡಿ ನೋವು. ಮನೆಯಿಂದ ಅಂಗಡಿಗೆ ನಾನೂರು ಹೆಜ್ಜೆ. ಎರಡು ವರ್ಷದಿಂದ ಬಂದಿಲ್ಲ.

"ಒಂದು ಬೆಳಗ್ಗೆ ಇಲ್ಲಿ ಬಂದು ಕೂತ್ರೆ ಸಾಕು," ಎನ್ನುತ್ತಾರೆ ಅಕ್ಕ. "ಬಯ್ಯಲಿ ಬೇಕಾದ್ರೆ. ಈಗ ಮೊಳೇನೂ ಇಲ್ಲ."

ಅದಕ್ಕೇ ಈ ಮಹಾಯೋಜನೆ. ಹದಿನಾಲ್ಕು ಹಾಳೆ ಒತ್ತಿ ನೋಡಿ, ಐದು ಎಣಿಸುವ ತನಕ ಗುಳಿ ಹಿಡಿದಿಡುವ ಮೂರು ಮಿಲಿಮೀಟರಿನ ಗಟ್ಟಿ ಫೋಮನ್ನು ಆರಿಸಿ, ಕತ್ತರಿಸಿ, ಮಧ್ಯಾಹ್ನ ಮನೆಗೆ ಒಯ್ಯುತ್ತಾರೆ. ಅಪ್ಪ ಹಾಕುವುದು ತಾವೇ ಹೊಲಿದ ಬೂಟು ಮಾತ್ರ. ಬೇರೆಯವರ ಬೂಟಿಗೆ ಕಾಲು ಕೊಡುವವರಲ್ಲ. ಫೋಮ್ ಒಳಗೆ ಹೋಗುತ್ತದೆ. ಕಾಲು ಹೋಗುವುದಿಲ್ಲ.

"ಅಳತೆ ತಗೊಂಡಿದ್ದು ನನ್ನ ಕಾಲಿಗೆ ಕಣೇ. ನಿನ್ನ ಸ್ಪಂಜನ್ನೂ ಸೇರಿಸಿ ಅಲ್ಲ."

"ಹಾಗಾದ್ರೆ ಒಳಗಿನ ತೊಗಲು ಕಿತ್ತು ಇದನ್ನ ಕೂರಿಸ್ತೀನಿ ಅಪ್ಪಾ."

"ಕೀಳು. ಬಂದ್ರೆ."

ಅಕ್ಕ ಕತ್ತಿಯ ಮೊನೆ ಹಾಕುತ್ತಾರೆ. ಇಪ್ಪತ್ತೆರಡು ವರ್ಷದ ಹೊಲಿಗೆ. ಒಂದು ಎಳೆಯ ಅಡಿಗೂ ಮೊನೆ ತೂರುವುದಿಲ್ಲ. ಬೂಟನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ತೊಗಲಿನಲ್ಲಿ ಅಪ್ಪನ ಐದೂ ಬೆರಳುಗಳ ಗುಳಿ, ಹಿಮ್ಮಡಿಯದೊಂದು. ಎಷ್ಟು ಎಣಿಸಿದರೂ ಮಾಯವಾಗದವು. ಕತ್ತಿಯನ್ನು ಕೆಳಗಿಡುತ್ತಾರೆ.

"ಬರಲಿಲ್ಲ ಅಲ್ವಾ?" ಅಪ್ಪನ ದನಿಯಲ್ಲಿ ಯಾವ ನೋವೂ ಇಲ್ಲ.

"ಹೀಗೆ ಹೊಲಿದ್ರೆ ಎಲ್ಲಿಂದ ಬರತ್ತಪ್ಪಾ?" ಎನ್ನುತ್ತಾರೆ ಅಕ್ಕ, ಬೂಟನ್ನು ಸೆರಗಿನಿಂದ ಒರೆಸುತ್ತಾ.