ರೂಪಾಯಿಗೊಂದು ಹರಕೆ

ನಮ್ಮೂರಿನ ಗಾಂಧಿ ಬಜಾರಿನಲ್ಲಿ ಮೊನ್ನೆ ಮೂವತ್ತಕ್ಕೆ ಸಿಕ್ಕಿದ ಒಂದು ಮಾರು ಸೇವಂತಿಗೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನೂರಕ್ಕೇರಿದರೆ, ಹೂವು ತುಟ್ಟಿಯಾಯಿತೆಂದು ಗೊಣಗುತ್ತೇವೆಯೇ ಹೊರತು ನಮ್ಮ ರೂಪಾಯಿ ಬಿತ್ತೆಂದು ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ಡಾಲರಿನ ಕಥೆಯೂ ಇಷ್ಟೇ, ಮಾರಾಯರೇ. ಅದೂ ಪೇಟೆಯಲ್ಲಿ ಬಿಕರಿಯಾಗುವ ಸರಕು. ಕಚ್ಚಾತೈಲ, ಚಿನ್ನ, ಮೊಬೈಲಿನ ಬಿಡಿಭಾಗಗಳೆಂದು ಹೊರಗಿನಿಂದ ತರಿಸುವವರೆಲ್ಲ ಒಟ್ಟಿಗೆ ಮುಗಿಬಿದ್ದರೆ ಅದರ ಬೆಲೆ ಏರುತ್ತದೆ. ಆ ಏರಿಕೆಗೇ ನಾವು ರೂಪಾಯಿ ಕುಸಿತವೆಂದು ಹೆಸರಿಟ್ಟಿದ್ದೇವೆ. ಕೊಳ್ಳುವವರಿಗೆ ಕಹಿಯಾದದ್ದು ಮಾರುವವರಿಗೆ ಸಿಹಿ. ಹಬ್ಬವನ್ನು ಶಪಿಸುವ ಹೂವಾಡಗಿತ್ತಿಯನ್ನು ನಾನಂತೂ ಕಂಡಿಲ್ಲ.

ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿ ನಿವೃತ್ತನಾದ ನನಗೆ ಕೇಳುವ ಕಿವಿ ಕಂಡರೆ ಸಾಕು, ಬಾಯಿ ಸುಮ್ಮನಿರುವುದಿಲ್ಲ. ಭದ್ರಾವತಿಯ ತಂಗಿಯ ಮನೆಗೆ ಹೋದಾಗ ಪಕ್ಕದ ಮನೆಯ ಸೆಲ್ವಿ ಸಿಕ್ಕಳು. ಅವಳ ಗಂಡ ಮುರುಗೇಶ, ಇಲ್ಲಿ ಕೆಲಸ ಸೊರಗಿದ ಮೇಲೆ ದುಬೈ ಸೇರಿದ ವೆಲ್ಡರ್. ಅಲ್ಲಿಯ ದಿರ್ಹಮ್ ಎಂಬುದು ಡಾಲರಿನ ಸೆರಗು ಹಿಡಿದೇ ನಡೆಯುವ ಹಣ. ಹಾಗಾಗಿ ರೂಪಾಯಿ ಬಿದ್ದಷ್ಟೂ ಅವನ ಅದೇ ಸಂಬಳ ಇಲ್ಲಿಗೆ ಬರುವಾಗ ಮೈತುಂಬಿಕೊಂಡು ಬರುತ್ತದೆ, ನೀನು ಪುಣ್ಯವಂತೆಯಮ್ಮ ಎಂದೆ. ಅವಳು ತಲೆಯಾಡಿಸಿ, ರೂಪಾಯಿ ಏರಬೇಕಾದರೆ ಏನಾಗಬೇಕೆಂದು ಕೇಳಿದಳು. ರಫ್ತು ಹೆಚ್ಚಬೇಕು, ತೈಲ ಅಗ್ಗವಾಗಬೇಕು, ಹೊರಗಿನವರು ಇಲ್ಲಿ ಬಂಡವಾಳ ಹೂಡಬೇಕು ಎಂದು ವಿವರಿಸಿ, ಏರಿದರೆ ನಿನಗೇ ನಷ್ಟವಲ್ಲವೇ ಎಂದೆ. ರೂಪಾಯಿ ಏರಲೆಂದು ಈಕೆ ಮಾರಿಯಮ್ಮನಿಗೆ ಹರಕೆ ಹೊತ್ತಿದ್ದಾಳೆಂದು ತಂಗಿ ನಕ್ಕಳು, ನಾನೂ ನಕ್ಕೆ.

ಸೆಲ್ವಿ ನಗಲಿಲ್ಲ. “ಪ್ರತಿ ಸಲ ಬಂದ್ಬಿಡ್ತೀನಿ ಅಂತಾರೆ ಸಾರ್. ಅಷ್ಟರಲ್ಲಿ ರೂಪಾಯಿ ಬೀಳುತ್ತೆ. ರೇಟು ಚೆನ್ನಾಗಿದೆ, ಇನ್ನೊಂದು ವರ್ಷ ಇದ್ದು ಬರ್ತೀನಿ ಅಂತಾರೆ. ಮಗಳಿಗೆ ಅಪ್ಪ ಅಂದ್ರೆ ಫೋನಲ್ಲಿರೋರು.”

ರೂಪಾಯಿಯ ವಿನಿಮಯ ದರ ಇಳಿದರೆ ಲಾಭ ಯಾರಿಗೆ, ನಷ್ಟ ಯಾರಿಗೆ ಎಂದು ಕರಿಹಲಗೆಯ ನಡುವೆ ಗೆರೆ ಎಳೆದು ಪಾಠ ಮಾಡಿದವನು ನಾನು. ವಿದೇಶದಿಂದ ಹಣ ಬರುವ ಮನೆಗಳನ್ನು ಯಾವಾಗಲೂ ಲಾಭದ ಕಡೆಗೇ ಬರೆಸಿದ್ದೇನೆ. ಅರ್ಥಶಾಸ್ತ್ರದ ಮಟ್ಟಿಗೆ ಅದು ಈಗಲೂ ಸರಿಯೇ. ಆದರೂ ಆ ಹೊತ್ತಿಗೆ ಮನಸ್ಸು ಪಿಚ್ಚೆಂದಿತು.

“ರೂಪಾಯಿ ಎಷ್ಟಕ್ಕೆ ಬಂದ್ರೆ ಸಾರ್, ಇನ್ನು ಅಲ್ಲಿದ್ದು ಪ್ರಯೋಜನ ಇಲ್ಲ ಅಂತ ಅವರಿಗೆ ಅನ್ಸುತ್ತೆ?” ಎಂದು ಅವಳು ಕೇಳಿದಳು.

ಸವಳಂಗ ರಸ್ತೆಯ ನನ್ನ ಮನೆಯಲ್ಲಿ ಈಗಲೂ ಬೆಳಗಿನ ಕಾಫಿಯೊಡನೆ ಪತ್ರಿಕೆಯ ವಾಣಿಜ್ಯ ಪುಟವನ್ನೇ ಮೊದಲು ತೆರೆಯುತ್ತೇನೆ. ರೂಪಾಯಿ ಮತ್ತೆ ಕುಸಿಯಿತೆಂದು ಓದಿದ ದಿನ ತೈಲದ ಬೆಲೆಯ ಯೋಚನೆ ಆಮೇಲೆ ಬರುತ್ತದೆ. ಮುರುಗೇಶ ಊರಿಗೆ ಬರುವುದನ್ನು ಮತ್ತೊಂದು ವರ್ಷ ಮುಂದೂಡಿರಬಹುದು ಎಂಬುದೇ ಮೊದಲು ಹೊಳೆಯುತ್ತದೆ.